ರಸ್ಸರ್ಟ್ ಕುರ್ಚಿಗೆ ಯಾರು?

ಮಾನ್ಯರೇ,

ಅಮೆರಿಕದ ಎನ್‌ಬಿಸಿ ವಾಹಿನಿಯ ನಿರೂಪಕ ಟಿಮ್ ರಸ್ಸರ್ಟ್ ಇದೇ 2008ರ ಜೂನ್ 13ರ ಶುಕ್ರವಾರ ಮಧ್ಯಾಹ್ನ ವಾಷಿಂಗ್ಟನ್‌ನ ತಮ್ಮ ಕಚೇರಿಯಲ್ಲೇ ಕುಸಿದುಬಿದ್ದು ತೀರಿಕೊಂಡರು. ಆ ಹೊತ್ತಿನಲ್ಲಿ ಅವರು ಭಾನುವಾರದ ರಾಜಕೀಯ ಸಂದರ್ಶನ 'ಮೀಟ್ ದ ಪ್ರೆಸ್' ಕಾರ್ಯಕ್ರಮಕ್ಕೆ ಧ್ವನಿ ಮುದ್ರಿಸುತ್ತಿದ್ದರು. ವಯಸ್ಸು 58. 1991ರ ಡಿಸೆಂಬರ್‌ನಿಂದ ಹದಿನಾರೂವರೆ ವರ್ಷ, ಅಧಿಕಾರದಲ್ಲಿರುವವರನ್ನೂ ಅಧಿಕಾರ ಬೇಕೆನ್ನುವವರನ್ನೂ ಭಾನುವಾರ ಬೆಳಿಗ್ಗೆ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿದವರು, ಅಧ್ಯಕ್ಷೀಯ ಚುನಾವಣೆ ಕಾವೇರುವ ಹೊತ್ತಿಗೆ ಇಲ್ಲವಾದರು. ಅಂತಿಮ ಪ್ರಾರ್ಥನೆಯಲ್ಲಿ ಅಧ್ಯಕ್ಷ ಸ್ಥಾನದ ಎದುರಾಳಿಗಳಾದ ಒಬಾಮ ಮತ್ತು ಮೆಕೇನ್, ಕುಟುಂಬದವರ ಕೋರಿಕೆಯಂತೆ, ಅಕ್ಕಪಕ್ಕದಲ್ಲೇ ಕುಳಿತರು. ಇಬ್ಬರೂ ರಸ್ಸರ್ಟ್ ಮೇಜಿನ ಎದುರು ಕುಳಿತು ಉತ್ತರ ಕೊಟ್ಟವರೇ.

ನವೆಂಬರ್ 4ರ ಚುನಾವಣೆ ಮುಗಿಯುವವರೆಗೆ ಟಾಮ್ ಬ್ರೋಕಾ ಕಾರ್ಯಕ್ರಮ ನಡೆಸಿಕೊಡುತ್ತಾರೆ ಎಂದು ಎನ್‌ಬಿಸಿ ಪ್ರಕಟಿಸಿದೆ. ಅವರಿಗೆ 68 ವರ್ಷ, 2004ರಲ್ಲೇ ರಾತ್ರಿ ವಾರ್ತೆಯ ಹೊಣೆ ಬಿಟ್ಟವರು. ಸದ್ಯಕ್ಕೆ ಇದು ಸರಿಯಾದ ತೀರ್ಮಾನ. ಆಮೇಲೆ ಯಾರು ಎಂಬ ಚರ್ಚೆಯಲ್ಲಿ ಡೇವಿಡ್ ಗ್ರೆಗೊರಿ, ಚಕ್ ಟಾಡ್, ಆಂಡ್ರಿಯಾ ಮಿಚೆಲ್, ಕ್ರಿಸ್ ಮ್ಯಾಥ್ಯೂಸ್, ಗ್ವೆನ್ ಐಫಿಲ್ ಹೆಸರುಗಳು ಓಡಾಡುತ್ತಿವೆ. ಯಾರ ಮುಖ ಜನಕ್ಕೆ ಹೆಚ್ಚು ಪರಿಚಿತ, ಯಾರ ಮಾತು ಚುರುಕು ಎಂದೇ ಹೋಲಿಕೆ ನಡೆದಿದೆ. ರಸ್ಸರ್ಟ್ ಆ ಕುರ್ಚಿಯಲ್ಲಿ ಕುಳಿತು ಮಾಡುತ್ತಿದ್ದ ಕೆಲಸ ಏನೆಂದು ಮೊದಲು ಬಿಡಿಸಿ ನೋಡದೆ ಈ ಹೋಲಿಕೆಗೆ ಅರ್ಥವಿಲ್ಲ. ಅವರದು ಮುಖ್ಯವಾಗಿ ತಯಾರಿಯ ಕೆಲಸ. ತಯಾರಿಯನ್ನು ಕಲಿಯಬಹುದು, ಕಲಿಸಬಹುದು, ಒಂದು ತಂಡದ ಕೈಗೆ ದಾಟಿಸಬಹುದು.

ರಸ್ಸರ್ಟ್ ಓದಿದ್ದು ಕಾನೂನು. ಸೆನೆಟರ್ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಅವರ ಕಚೇರಿಯಲ್ಲಿ, ಆಮೇಲೆ ನ್ಯೂಯಾರ್ಕ್ ಗವರ್ನರ್ ಮಾರಿಯೊ ಕ್ವೊಮೊ ಬಳಿ ಕೆಲಸ ಮಾಡಿ 1984ರಲ್ಲಿ ಎನ್‌ಬಿಸಿ ಸೇರಿದರು. ವರದಿಗಾರಿಕೆಯ ಮೆಟ್ಟಿಲು ಹತ್ತಿ ಬಂದವರಲ್ಲ. ರಾಜಕಾರಣಿಯ ಉತ್ತರ ಹೇಗೆ ತಯಾರಾಗುತ್ತದೆ, ಯಾವ ಪದ ಬೇಕೆಂದೇ ಬಿಟ್ಟುಹೋಗಿರುತ್ತದೆ ಎಂಬುದನ್ನು ಒಳಗಿದ್ದು ಕಂಡವರು. ಅದಕ್ಕೆ ವಕೀಲರ ಪಾಟೀ ಸವಾಲಿನ ಶಿಸ್ತು ಸೇರಿತು. ಕಾರ್ಯಕ್ರಮವನ್ನು ಕಟ್ಟಿದವರಲ್ಲಿ ಒಬ್ಬರಾದ ಲಾರೆನ್ಸ್ ಸ್ಪಿವಾಕ್ ಅವರಿಂದ ಸಿಕ್ಕ ಸಲಹೆಯನ್ನು ರಸ್ಸರ್ಟ್ ಮತ್ತೆ ಮತ್ತೆ ನೆನೆಯುತ್ತಿದ್ದರು: ಅತಿಥಿಯ ನಿಲುವುಗಳನ್ನೆಲ್ಲ ಓದಿಕೊ, ಆಮೇಲೆ ಎದುರು ಪಕ್ಷ ಹಿಡಿದು ಕೇಳು. ಅತಿಥಿ ಯಾವ ಪಕ್ಷದವರಾದರೂ ನಿರೂಪಕನ ಸ್ಥಾನ ಅವರ ಎದುರಿಗೆ, ಅಷ್ಟೆ. ನಿಷ್ಪಕ್ಷಪಾತವೆಂದರೆ ಎರಡು ಕಡೆಯವರನ್ನೂ ಮೃದುವಾಗಿ ಮಾತಾಡಿಸುವುದು ಎಂಬ ತಪ್ಪು ತಿಳಿವಳಿಕೆ ಟಿ.ವಿ. ಸಂದರ್ಶನಗಳಲ್ಲಿ ಬಹಳ ಇದೆ. ಇವರು ಇಬ್ಬರಿಗೂ ಒಂದೇ ಪ್ರಮಾಣದ ಬಿಸಿ ಮುಟ್ಟಿಸುತ್ತಿದ್ದರು.

ವಿಧಾನ ಹೀಗಿತ್ತು. ಅತಿಥಿಯ ಹಳೆಯ ಭಾಷಣ, ಸಂದರ್ಶನ, ಸದನದಲ್ಲಿ ಹಾಕಿದ ಮತ, ಪತ್ರಿಕಾ ಹೇಳಿಕೆ ಎಲ್ಲವನ್ನೂ ಅವರ ತಂಡ ಒಟ್ಟುಮಾಡುತ್ತದೆ. ಅದರಲ್ಲಿ ಒಂದಕ್ಕೊಂದು ಹೊಂದದ ಮಾತುಗಳನ್ನು ಆರಿಸುತ್ತದೆ. ಆರಿಸಿದ ಸಾಲು ದಿನಾಂಕದೊಂದಿಗೆ, ಎಲ್ಲಿ ಹೇಳಿದ್ದು ಎಂಬ ವಿವರದೊಂದಿಗೆ ತೆರೆಯ ಮೇಲೆ ಅಕ್ಷರದಲ್ಲಿ ಬರುತ್ತದೆ. ರಸ್ಸರ್ಟ್ ಅದನ್ನು ಗಟ್ಟಿಯಾಗಿ ಓದಿ, ಚಿಕ್ಕ ಪ್ರಶ್ನೆಯೊಂದನ್ನು ಕೇಳಿ ಸುಮ್ಮನಾಗುತ್ತಾರೆ. ನೋಡುವವರಿಗೂ ಅತಿಥಿಗೂ ಒಂದೇ ಸಾಲು ಕಣ್ಣೆದುರು ಇರುವುದರಿಂದ 'ನಾನು ಹಾಗೆ ಹೇಳಿರಲಿಲ್ಲ' ಎನ್ನುವ ದಾರಿ ಮುಚ್ಚಿಹೋಗುತ್ತದೆ.

ಸುಲಭವಾಗಿ ಕಾಣುವ ಈ ಕೆಲಸ ಕೆಡುವ ಜಾಗಗಳು ಬೇಕಾದಷ್ಟಿವೆ. ವಾಕ್ಯವನ್ನು ನಡುವೆ ಕತ್ತರಿಸಿ ಹಾಕಿದರೆ ಅತಿಥಿ ಮುಂದಿನ ಸಾಲು ನೆನಪಿಸಿ ಗೆದ್ದುಬಿಡುತ್ತಾರೆ, ಉಳಿದ ಪ್ರಶ್ನೆಗಳ ತೂಕವೂ ಅಲ್ಲಿಗೆ ಇಳಿಯಿತು. ಹಾಗಾಗಿ ಇಡೀ ವಾಕ್ಯ ಬೇಕು, ಸಾಧ್ಯವಾದರೆ ಹಿಂದು ಮುಂದಿನದೂ ನಿರೂಪಕರ ಕೈಯಲ್ಲಿರಬೇಕು. ಪತ್ರಿಕೆಯ ವರದಿಯಿಂದ ಎತ್ತಿದ ಮಾತಾದರೆ ವರದಿಗಾರ ತಪ್ಪು ಬರೆದ ಎನ್ನಬಹುದು. ಭಾಷಣದ ಮೂಲ ಪ್ರತಿ ಅಥವಾ ದೃಶ್ಯವೇ ಇದ್ದರೆ ಹಾಗೆನ್ನಲಾಗದು. ಹತ್ತು ವರ್ಷದ ಹಿಂದಿನ ಮಾತೊಂದನ್ನೇ ತೋರಿಸಿದರೆ 'ಕಾಲ ಬದಲಾಗಿದೆ, ನಾನೂ ಬದಲಾಗಿದ್ದೇನೆ' ಎಂಬ ಉತ್ತರ ಸಿದ್ಧವಾಗಿರುತ್ತದೆ, ಅದು ನ್ಯಾಯವಾದ ಉತ್ತರವೂ ಆಗಿರಬಹುದು. ಅದಕ್ಕಾಗಿ ಹಳೆಯದರ ಜೊತೆಗೆ ನಡುವಿನದೊಂದು, ಇತ್ತೀಚಿನದೊಂದು ಇಟ್ಟುಕೊಂಡು ಕಾಲಕ್ರಮದಲ್ಲಿ ಕೇಳಬೇಕು. ಆಗ ನಿಲುವು ಯಾವ ತಿಂಗಳಲ್ಲಿ ಬದಲಾಯಿತು, ಆ ತಿಂಗಳಲ್ಲಿ ಚುನಾವಣೆ ಏನಾದರೂ ಇತ್ತೇ ಎಂಬುದು ತಾನಾಗಿ ಹೊರಬರುತ್ತದೆ.

ಸಮಯದ ಲೆಕ್ಕವೂ ಇದೆ. ಅರ್ಧ ಗಂಟೆಯ ಕಾರ್ಯಕ್ರಮವಾಗಿದ್ದ 'ಮೀಟ್ ದ ಪ್ರೆಸ್' ಒಂದು ಗಂಟೆಯಾದದ್ದು ರಸ್ಸರ್ಟ್ ಬಂದ ಮೇಲೆ, 1992ರಲ್ಲಿ. ಜಾಹೀರಾತು ಕಳೆದರೆ ಉಳಿಯುವುದು ಮುಕ್ಕಾಲು ಗಂಟೆಯ ಆಸುಪಾಸು. ಪ್ರಶ್ನೆಗೆ ಅರ್ಧ ನಿಮಿಷ, ಉತ್ತರಕ್ಕೆ ಒಂದೂವರೆ ನಿಮಿಷ ಹಿಡಿದರೂ ಸುಮಾರು ಇಪ್ಪತ್ತೆರಡು ಪ್ರಶ್ನೋತ್ತರ. ಮೊದಲ ಉತ್ತರ ಹೇಗೂ ಮನೆಯಿಂದಲೇ ಕಲಿತು ಬಂದದ್ದು. ಎರಡನೆಯದು ಅದರದ್ದೇ ಇನ್ನೊಂದು ರೂಪ. ಮೂರನೆಯ, ನಾಲ್ಕನೆಯ ಬಾರಿ ಕೇಳಿದಾಗ ಮಾತ್ರ ಹೊಸದೇನಾದರೂ ಬರುವ ಸಂಭವ. ಅಂದರೆ ಒಬ್ಬರೇ ಅತಿಥಿ ಪೂರ್ತಿ ಹೊತ್ತು ಕುಳಿತರೂ ಐದಾರು ವಿಷಯಕ್ಕಿಂತ ಹೆಚ್ಚು ಹಿಡಿಸದು. ಇದನ್ನು ಮರೆತು ಹದಿನೈದು ವಿಷಯ ಮುಟ್ಟಲು ಹೊರಟರೆ ಎಲ್ಲದಕ್ಕೂ ಮೊದಲ ಉತ್ತರವಷ್ಟೇ ಸಿಗುತ್ತದೆ. ರಾಜಕಾರಣಿಗೆ ಬೇಕಾಗಿರುವುದೂ ಅದೇ.

ಆ ಐದಾರು ವಿಷಯಗಳನ್ನು ಆರಿಸುವುದೇ ಕಷ್ಟ. 1991ರ ನವೆಂಬರ್‌ನಲ್ಲಿ, ರಸ್ಸರ್ಟ್ ಇನ್ನೂ ನಿರೂಪಕರಾಗದೆ ಪ್ರಶ್ನೆ ಕೇಳುವ ತಂಡದಲ್ಲಿ ಒಬ್ಬರಾಗಿದ್ದಾಗ, ಲೂಸಿಯಾನ ಗವರ್ನರ್ ಹುದ್ದೆಯ ಅಭ್ಯರ್ಥಿ ಡೇವಿಡ್ ಡ್ಯೂಕ್ ಎದುರಿಗಿದ್ದರು. ಬಿಳಿಯರೇ ಮೇಲೆಂದು ಸಾರುವ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಮಾಜಿ ನಾಯಕ. ಉಳಿದವರೆಲ್ಲ ಜನಾಂಗದ್ವೇಷದ ಬಗ್ಗೆ ಕೇಳಿ ಕೇಳಿ ಅವರಿಗೆ ಅದರ ಉತ್ತರ ಬಾಯಿಪಾಠವಾಗಿತ್ತು. ರಸ್ಸರ್ಟ್ ಕೇಳಿದ್ದು ಆ ರಾಜ್ಯದಲ್ಲಿ ಅತಿ ಹೆಚ್ಚು ಜನಕ್ಕೆ ಕೆಲಸ ಕೊಟ್ಟಿರುವ ಕಂಪನಿಗಳು ಯಾವುವು ಎಂದು. ಡ್ಯೂಕ್ ಹೆಸರು ಹೇಳಲಾಗದೆ ತಡವರಿಸಿದರು. ಆ ಚುನಾವಣೆಯಲ್ಲಿ ಅವರು ಸೋತರು.

ಅದೇ ಬಗೆಯ ಪ್ರಶ್ನೆ 2003ರ ಜೂನ್‌ನಲ್ಲಿ, ಅಧ್ಯಕ್ಷ ಸ್ಥಾನದ ಆಕಾಂಕ್ಷಿಯಾಗಿದ್ದ ಹೊವರ್ಡ್ ಡೀನ್ ಎದುರು ಸೋತಿತು. ಸೇನೆಯಲ್ಲಿ ಈಗ ಎಷ್ಟು ಜನರಿದ್ದಾರೆ ಎಂದು ರಸ್ಸರ್ಟ್ ಕೇಳಿದರು. ಡೀನ್ ನಿಖರವಾಗಿ ಹೇಳಲಿಲ್ಲ. ಟೀಕೆ ಪ್ರಶ್ನೆ ಕೇಳಿದವರ ಮೇಲೂ ತಿರುಗಿತು, ಇದು ರಸಪ್ರಶ್ನೆ ಎಂದು. ಎರಡಕ್ಕೂ ಇರುವ ಅಂತರವನ್ನು ಮುಂದೆ ಆ ಕುರ್ಚಿಗೆ ಬರುವವರು ಗಮನಿಸಬೇಕು. ತನ್ನ ರಾಜ್ಯದ ಜನ ಎಲ್ಲಿ ದುಡಿಯುತ್ತಾರೆಂದು ತಿಳಿಯದವರು ಆ ರಾಜ್ಯ ಆಳುವುದು ಹೇಗೆ ಎಂಬುದನ್ನು ನೋಡುವವರೇ ಊಹಿಸಿಕೊಳ್ಳುತ್ತಾರೆ. ಕಡತದಲ್ಲಿ ಒಂದು ನಿಮಿಷದಲ್ಲಿ ಸಿಗುವ ಅಂಕಿಯನ್ನು ನೆನಪಿನಿಂದ ಹೇಳಿಸುವುದರಿಂದ ಹಾಗೇನೂ ತಿಳಿಯುವುದಿಲ್ಲ. ಅಂಕಿ ಕೇಳುವುದಾದರೆ ಅದರ ಹಿಂದೆ ಒಂದು ತೀರ್ಮಾನ ಇರಬೇಕು. ಸಾಮಾಜಿಕ ಭದ್ರತಾ ಪಿಂಚಣಿಯ ವಿಷಯದಲ್ಲಿ ರಸ್ಸರ್ಟ್ ಅದನ್ನು ಚೆನ್ನಾಗಿ ಮಾಡಿದರು. 1950ರಲ್ಲಿ ಒಬ್ಬ ಪಿಂಚಣಿದಾರನಿಗೆ ದುಡಿಯುವವರು ಹದಿನಾರು ಮಂದಿ. 2008ರಲ್ಲಿ ಮೂವರು ಚಿಲ್ಲರೆ, ಇನ್ನು ಕೆಲವೇ ದಶಕಗಳಲ್ಲಿ ಇಬ್ಬರ ಹತ್ತಿರಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ಮುಂದಿಟ್ಟು, ತೆರಿಗೆ ಏರಿಸುತ್ತೀರಾ, ವಯೋಮಿತಿ ಏರಿಸುತ್ತೀರಾ, ಪಿಂಚಣಿ ಇಳಿಸುತ್ತೀರಾ ಎಂದು ಪಕ್ಷಭೇದವಿಲ್ಲದೆ ಅಭ್ಯರ್ಥಿಗಳನ್ನು ಕೇಳುತ್ತಾ ಬಂದರು. ಇದಕ್ಕೆ ಬಾಯಿಪಾಠದಿಂದ ಉತ್ತರವಿಲ್ಲ, ಒಂದು ಆಯ್ಕೆ ಮಾಡಲೇಬೇಕು.

2007ರ ಅಕ್ಟೋಬರ್ 30ರಂದು ಫಿಲಡೆಲ್ಫಿಯಾದಲ್ಲಿ ನಡೆದ, ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಆಕಾಂಕ್ಷಿಗಳ ಚರ್ಚೆಯೂ ಇದೇ ಜಾತಿಯದು. ದಾಖಲೆಯಿಲ್ಲದ ವಲಸಿಗರಿಗೆ ಚಾಲನಾ ಪರವಾನಗಿ ಕೊಡುವ ನ್ಯೂಯಾರ್ಕ್ ಗವರ್ನರ್ ಯೋಜನೆಯ ಬಗ್ಗೆ ಹಿಲರಿ ಕ್ಲಿಂಟನ್ ಅವರನ್ನು ರಸ್ಸರ್ಟ್ ಕೇಳಿದರು. ಕ್ಲಿಂಟನ್ ಅದನ್ನು ಸಮರ್ಥಿಸಿದಂತೆಯೂ ಸಮರ್ಥಿಸದಂತೆಯೂ ಮಾತಾಡಿದರು. ಗೆಲುವು ಖಚಿತ ಎಂಬಂತಿದ್ದ ಅವರ ಪ್ರಚಾರಕ್ಕೆ ಮೊದಲ ಪೆಟ್ಟು ಬಿದ್ದದ್ದು ಅಲ್ಲಿ.

ಇನ್ನೊಂದು ಕೌಶಲ ಅಷ್ಟಾಗಿ ಯಾರ ಕಣ್ಣಿಗೂ ಬೀಳದ್ದು. ಇಂದು ಕೇಳುವ ಪ್ರಶ್ನೆ ಮುಂದೊಂದು ದಿನ ಸಾಕ್ಷಿಯಾಗುವಂತೆ ಕೇಳಿ ಇಡುವುದು. ಇರಾಕ್ ಯುದ್ಧ ಶುರುವಾಗುವ ಕೆಲವೇ ದಿನ ಮೊದಲು, 2003ರ ಮಾರ್ಚ್ 16ರಂದು, ಉಪಾಧ್ಯಕ್ಷ ಡಿಕ್ ಚೇನಿ ಇರಾಕಿಗಳು ಅಮೆರಿಕನ್ನರನ್ನು ವಿಮೋಚಕರೆಂದು ಬರಮಾಡಿಕೊಳ್ಳುತ್ತಾರೆ ಎಂದರು. ನಿಮ್ಮ ಲೆಕ್ಕ ತಪ್ಪಾಗಿ, ದಂಡೆತ್ತಿ ಬಂದವರೆಂದು ಕಂಡರೆ ಏನು ಗತಿ ಎಂದು ರಸ್ಸರ್ಟ್ ಕೇಳಿದರು. ಅಂದಿಗೆ ಆ ಪ್ರಶ್ನೆಗೆ ಸಿಕ್ಕ ಉತ್ತರ ಏನೂ ಅಲ್ಲ. ಆರು ತಿಂಗಳ ನಂತರ, ಸೆಪ್ಟೆಂಬರ್‌ನಲ್ಲಿ ಚೇನಿ ಮತ್ತೆ ಬಂದಾಗ ಅದೇ ದೃಶ್ಯವನ್ನು ಅವರ ಎದುರಿಗೇ ಹಾಕಿ ತೋರಿಸಿದರು. ಹೀಗೆ ಮಾಡಲು ಹಳೆಯ ಟೇಪುಗಳ ಕೋಣೆ ಅಚ್ಚುಕಟ್ಟಾಗಿರಬೇಕು, ಯಾವ ಅತಿಥಿ ಯಾವ ದಿನ ಏನು ಹೇಳಿದರು ಎಂಬುದು ವಿಷಯವಾರು ಸಿಗುವಂತಿರಬೇಕು, ತಂಡದಲ್ಲಿ ಅದನ್ನು ನೆನಪಿಟ್ಟವರು ಇರಬೇಕು. ನಿರೂಪಕರು ಬದಲಾದಾಗ ವಾಹಿನಿಗಳು ಮೊದಲು ಕೈಹಾಕುವುದು ಸೆಟ್ಟಿನ ಬಣ್ಣಕ್ಕೆ, ಆಮೇಲೆ ತಂಡಕ್ಕೆ. ಎನ್‌ಬಿಸಿ ಆ ತಂಡವನ್ನು ಚದುರಿಸಿದರೆ ಯಾರನ್ನು ಕೂರಿಸಿದರೂ ಪ್ರಯೋಜನವಿಲ್ಲ.

ಅವರನ್ನು ಪ್ರೀತಿಸಿದವರು ಅವರ ವಿಧಾನದ ಮಿತಿಯನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನವರಿಗೆ ದೊರಕುವುದು ಅರ್ಧ ಪಾಠ. 2002ರ ಸೆಪ್ಟೆಂಬರ್ 8ರಂದು ಇದೇ ಚೇನಿ, ಇದೇ ಮೇಜಿನಲ್ಲಿ, ಸದ್ದಾಂ ಹುಸೇನ್ ಅಣುಬಾಂಬಿಗಾಗಿ ಅಲ್ಯೂಮಿನಿಯಂ ಕೊಳವೆ ತರಿಸುತ್ತಿದ್ದಾರೆ ಎಂದರು. ಅದೇ ಬೆಳಿಗ್ಗೆಯ ನ್ಯೂಯಾರ್ಕ್ ಟೈಮ್ಸ್ ವರದಿಯನ್ನು ಆಧಾರವಾಗಿ ತೋರಿಸಿದರು. ಆ ವರದಿಯ ಮೂಲ ಸರ್ಕಾರದ ಅಧಿಕಾರಿಗಳೇ. ಸರ್ಕಾರ ಪತ್ರಿಕೆಗೆ ಹೇಳಿ, ಪತ್ರಿಕೆ ಬರೆದದ್ದನ್ನು ಸರ್ಕಾರವೇ ಪುರಾವೆ ಎಂದು ತೋರಿಸಿತು. ಆ ಕೊಳವೆಗಳು ಬಾಂಬಿನ ಯುರೇನಿಯಂ ಸಾಂದ್ರಗೊಳಿಸುವ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಹೊಂದುವುದಿಲ್ಲ ಎಂಬ ಅಭಿಪ್ರಾಯ ಇಂಧನ ಇಲಾಖೆಯ ತಜ್ಞರಲ್ಲಿತ್ತು, ಅದು ಅಂದು ಆ ಮೇಜಿಗೆ ಬರಲಿಲ್ಲ. ವ್ಯಕ್ತಿಯ ಹಳೆಯ ಮಾತಿಗೂ ಹೊಸ ಮಾತಿಗೂ ತಾಳೆ ನೋಡುವ ವಿಧಾನ, ಆ ವ್ಯಕ್ತಿ ಒಂದೇ ಮಾತನ್ನು ಹಿಡಿದುಕೊಂಡಿದ್ದಾಗ ಮೊಂಡಾಗುತ್ತದೆ. ಆಗ ಬೇಕಾದದ್ದು ಹೊರಗಿನ ಸಾಕ್ಷ್ಯ. ಅತಿಥಿ ಬರುವ ವಾರ ಇಲಾಖೆಗಳ ಕೆಳಹಂತದ ತಜ್ಞರಿಗೆ, ನಿವೃತ್ತರಿಗೆ, ಭಿನ್ನಾಭಿಪ್ರಾಯ ಇದ್ದವರಿಗೆ ಫೋನ್ ಮಾಡಿ ಕೇಳುವುದು ಪ್ರಶ್ನೆಯ ಹಾಳೆ ಸಿದ್ಧಪಡಿಸುವಷ್ಟೇ ಮುಖ್ಯ. ತನಗೆ ಅಂಥ ಕರೆ ಬಂದಿದ್ದರೆ ಚೆನ್ನಾಗಿತ್ತು ಎಂಬ ಅರ್ಥದ ಮಾತನ್ನು ರಸ್ಸರ್ಟ್ ಆಮೇಲೆ ಆಡಿದ್ದಾರೆ. ಕರೆ ತಾನಾಗಿ ಬರುವುದಿಲ್ಲ, ನಾವೇ ಮಾಡಬೇಕು.

2007ರಲ್ಲಿ, ಚೇನಿ ಅವರ ಸಿಬ್ಬಂದಿ ಮುಖ್ಯಸ್ಥರಾಗಿದ್ದ ಸ್ಕೂಟರ್ ಲಿಬ್ಬಿ ಅವರ ನ್ಯಾಯಾಲಯ ವಿಚಾರಣೆಯಲ್ಲಿ ಇನ್ನೊಂದು ನೋವಿನ ಸಂಗತಿ ಹೊರಬಂತು. ಚೇನಿ ಕಚೇರಿಯ ಮಾಧ್ಯಮ ಅಧಿಕಾರಿಯಾಗಿದ್ದವರು ಸಾಕ್ಷ್ಯದಲ್ಲಿ, ಉಪಾಧ್ಯಕ್ಷರನ್ನು 'ಮೀಟ್ ದ ಪ್ರೆಸ್'ಗೆ ಕಳಿಸಿದರೆ ಸಂದೇಶ ನಮ್ಮ ಹಿಡಿತದಲ್ಲಿರುತ್ತದೆ ಎಂದು ಲೆಕ್ಕ ಹಾಕಿದ್ದಾಗಿ ಹೇಳಿದರು. ಹಿರಿಯ ಅಧಿಕಾರಿಗಳು ಫೋನಿನಲ್ಲಿ ಆಡಿದ್ದನ್ನು ಅವರ ಅನುಮತಿಯಿಲ್ಲದೆ ಬಳಸುವುದಿಲ್ಲ ಎಂಬುದು ತನ್ನ ರೂಢಿ ಎಂದು ರಸ್ಸರ್ಟ್ ತಾವೇ ನ್ಯಾಯಾಲಯದಲ್ಲಿ ಹೇಳಿದರು. ದೊಡ್ಡವರು ಪ್ರತಿ ವಾರ ಬರಬೇಕೆಂದರೆ ಅವರೊಡನೆ ಬಾಂಧವ್ಯ ಬೇಕು, ಬಾಂಧವ್ಯ ಬೆಳೆದಷ್ಟೂ ಪ್ರಶ್ನೆಯ ಮೊನೆ ಸವೆಯುತ್ತದೆ. ಈ ರೂಢಿಯನ್ನು ಮುಂದಿನವರು ತಿರುಗಿಸಬೇಕು. ಗೋಪ್ಯವಾಗಿಡಿ ಎಂದು ಮೊದಲೇ ಕೇಳಿ ಒಪ್ಪಿಸಿಕೊಂಡದ್ದು ಮಾತ್ರ ಗೋಪ್ಯ, ಉಳಿದದ್ದೆಲ್ಲ ಬಳಸಬಹುದಾದದ್ದು ಎಂದಾಗಬೇಕು.

ಬಿಳಿ ಹಲಗೆಯ ಬಗ್ಗೆ ಹೇಳದಿದ್ದರೆ ಆಗದು. 2000ದ ನವೆಂಬರ್ 7ರ ಅಧ್ಯಕ್ಷೀಯ ಚುನಾವಣೆಯ ರಾತ್ರಿ ವಾಹಿನಿಗಳೆಲ್ಲ ಫ್ಲಾರಿಡಾ ಗೆದ್ದವರು ಗೋರ್ ಎಂದು ಮೊದಲು ಸಾರಿ ಹಿಂದಕ್ಕೆ ಪಡೆದವು, ನಡುರಾತ್ರಿ ದಾಟಿದ ಮೇಲೆ ಬುಷ್ ಎಂದು ಸಾರಿ ಅದನ್ನೂ ಹಿಂದಕ್ಕೆ ಪಡೆದವು. ಬಣ್ಣದ ನಕ್ಷೆಗಳು, ಗಣಕಯಂತ್ರಗಳು ಎಷ್ಟೋ ಇದ್ದವು. ರಸ್ಸರ್ಟ್ ಕೈಯಲ್ಲಿ ಇದ್ದದ್ದು ಒಂದು ಸಣ್ಣ ಬಿಳಿ ಹಲಗೆ, ಒಂದು ಮಾರ್ಕರ್ ಪೆನ್ನು. ಗೆಲ್ಲಲು ರಾಜ್ಯವಾರು ಸಿಗುವ ಮತದಾರ ಪ್ರತಿನಿಧಿಗಳು 270 ಬೇಕು, ಇವರಿಗೆ ಇಷ್ಟಿವೆ, ಅವರಿಗೆ ಅಷ್ಟಿವೆ, ಉಳಿದ ರಾಜ್ಯಗಳು ಇವು ಎಂದು ಬರೆದು ಕೂಡಿ ಕಳೆದು, ಕೊನೆಗೆ ಫ್ಲಾರಿಡಾ ಎಂದು ಮೂರು ಬಾರಿ ಬರೆದು ತೋರಿಸಿದರು. ಅಲ್ಲಿದ್ದದ್ದು 25 ಪ್ರತಿನಿಧಿಗಳು. ಕೊನೆಗೆ ಇಡೀ ಚುನಾವಣೆ ಆ ರಾಜ್ಯದ 537 ಮತಗಳ ಮೇಲೆ ನಿಂತಿತು. ಆ ಹಲಗೆ ಕೆಲಸ ಮಾಡಿದ್ದು ಸರಳವೆಂಬ ಒಂದೇ ಕಾರಣಕ್ಕಲ್ಲ. ಸಿದ್ಧವಾದ ಗ್ರಾಫಿಕ್ ಉತ್ತರವನ್ನಷ್ಟೇ ತೋರಿಸುತ್ತದೆ. ಹಲಗೆಯ ಮೇಲೆ ಲೆಕ್ಕ ನಡೆಯುತ್ತಾ ಹೋಗುವುದರಿಂದ ನೋಡುವವರೂ ಜೊತೆಯಲ್ಲೇ ಕೂಡಿಸುತ್ತಾರೆ, ತಪ್ಪಿದ್ದರೆ ಹಿಡಿಯುತ್ತಾರೆ.

ಅವರ ಸಾವಿನ ಕಾರಣವನ್ನು ವೈದ್ಯರು ಬಹಿರಂಗವಾಗಿ ತಿಳಿಸಿದ್ದಾರೆ, ಓದುಗರಿಗೂ ಅದು ಗೊತ್ತಿರಲಿ. ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡಿದ್ದ ಕೊಬ್ಬಿನ ಪದರ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿತು. ಏಪ್ರಿಲ್ ಕೊನೆಯಲ್ಲಿ ಮಾಡಿಸಿದ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ತೊಂದರೆ ಕಂಡಿರಲಿಲ್ಲ. ಆ ಪರೀಕ್ಷೆ ಹೆಚ್ಚಾಗಿ ಹಿಡಿಯುವುದು ನಾಳ ಎಷ್ಟು ಕಿರಿದಾಗಿದೆ ಎಂಬುದನ್ನು. ಅಷ್ಟೇನೂ ಅಡ್ಡಗಟ್ಟದ ಪದರವೂ ಒಡೆಯಬಹುದು ಎಂಬುದು ಅದರಿಂದ ತಿಳಿಯುವುದಿಲ್ಲ. ಜೊತೆಗೆ ಅವರು ವಾಷಿಂಗ್ಟನ್ ಕಚೇರಿಯ ಮುಖ್ಯಸ್ಥರೂ ಹೌದು, ಭಾನುವಾರದ ನಿರೂಪಕರೂ ಹೌದು, ಚುನಾವಣೆಯ ರಾತ್ರಿಗಳ ವಿಶ್ಲೇಷಕರೂ ಹೌದು. ಈ ಹೊಣೆಗಳನ್ನು ಇನ್ನು ಮುಂದೆ ಒಬ್ಬರ ತಲೆಗೆ ಕಟ್ಟಬಾರದು. ಕಚೇರಿ ಆಡಳಿತ ಬೇರೆಯವರಿಗೆ ಹೋಗಲಿ, ಓದಿಗೆ ಸಮಯ ಉಳಿಯಲಿ.

ಈ ಹಿಂದೆ ಇಂಥ ಸಂದರ್ಭ ಬಂದಾಗ ಏನಾಯಿತು ಎಂಬುದೂ ದಾಖಲೆಯಲ್ಲಿದೆ. 1947ರ ನವೆಂಬರ್ 6ರಂದು ಟಿ.ವಿ.ಯಲ್ಲಿ ಶುರುವಾದ ಕಾರ್ಯಕ್ರಮ ಇದು. ಸ್ಪಿವಾಕ್ 1975ರಲ್ಲಿ ನಿವೃತ್ತರಾದ ಮೇಲೆ ಬಿಲ್ ಮನ್ರೋ, ರೋಜರ್ ಮಡ್, ಮಾರ್ವಿನ್ ಕಾಲ್ಬ್, ಕ್ರಿಸ್ ವಾಲೆಸ್, ಗ್ಯಾರಿಕ್ ಅಟ್ಲಿ ಹೀಗೆ ಹದಿನಾರು ವರ್ಷದಲ್ಲಿ ಐವರು ಬಂದುಹೋದರು. ಇವರಲ್ಲಿ ಅಸಮರ್ಥರು ಯಾರೂ ಇಲ್ಲ, ಎಲ್ಲರೂ ಹೆಸರಾಂತ ಪತ್ರಕರ್ತರು. ಮನ್ರೋ ಒಂಬತ್ತು ವರ್ಷ ನಿಂತರು. ಆಮೇಲಿನವರಿಗೆ ಎರಡು ಮೂರು ವರ್ಷಕ್ಕಿಂತ ಹೆಚ್ಚು ಸಿಗಲಿಲ್ಲ. ಅತಿಥಿಗಳ ಹಳೆಯ ಮಾತು ನಿರೂಪಕರಿಗೆ ನಾಲಿಗೆಯ ತುದಿಯಲ್ಲಿರಲು ಕನಿಷ್ಠ ಒಂದು ಪೂರ್ಣ ಅಧ್ಯಕ್ಷೀಯ ಅವಧಿ ಬೇಕು, ಅಂದರೆ ನಾಲ್ಕು ವರ್ಷ. ಅದಕ್ಕೆ ಮೊದಲೇ ರೇಟಿಂಗ್ ನೋಡಿ ಎಬ್ಬಿಸುವುದಾದರೆ ಕೂರಿಸುವುದೇ ಬೇಡ.

ಈಗ ಹೆಸರುಗಳಿಗೆ ಬರುತ್ತೇನೆ. ಗ್ರೆಗೊರಿ ಶ್ವೇತಭವನದ ಮುಖ್ಯ ವರದಿಗಾರ, ಅಂಜದೆ ಕೇಳುತ್ತಾರೆ. ಆದರೆ ಪತ್ರಿಕಾಗೋಷ್ಠಿಯಲ್ಲಿ ಒಂದೆರಡು ಪ್ರಶ್ನೆ ಕೇಳುವಷ್ಟರಲ್ಲಿ ಸರದಿ ಪಕ್ಕದವರಿಗೆ ಹೋಗುತ್ತದೆ. ಒಬ್ಬರನ್ನೇ ಅರ್ಧ ಗಂಟೆ ಹಿಡಿದಿಡುವ ಕಸುಬು ಬೇರೆಯೇ. ಟಾಡ್‌ಗೆ ಕ್ಷೇತ್ರವಾರು ಅಂಕಿಗಳು ಕರತಲಾಮಲಕ. ಎನ್‌ಬಿಸಿಗೆ ಬಂದದ್ದು 2007ರಲ್ಲಿ, ಕ್ಯಾಮೆರಾ ಎದುರಿನ ಪಳಗುವಿಕೆ ಇನ್ನೂ ಸಾಲದು. ಮುಂದೊಂದು ದಿನ ಅವರು ತಕ್ಕವರಾಗಬಹುದು. ಮಿಚೆಲ್ ವಿದೇಶಾಂಗ ವಿಷಯದಲ್ಲಿ ಎಲ್ಲರಿಗಿಂತ ಗಟ್ಟಿ, ಅನುಭವವೂ ದೊಡ್ಡದು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾಗಿದ್ದ ಅಲನ್ ಗ್ರೀನ್‌ಸ್ಪಾನ್, ಮಿಚೆಲ್ ಅವರ ಪತಿ. ಅಮೆರಿಕದಲ್ಲಿ ಮನೆಸಾಲದ ಬಿಕ್ಕಟ್ಟು ಬೆಳೆಯುತ್ತಿರುವ ಈ ಹೊತ್ತಿನಲ್ಲಿ ಬಡ್ಡಿದರದ ನೀತಿಯ ಬಗ್ಗೆ ಯಾರನ್ನು ಪ್ರಶ್ನಿಸಿದರೂ ಜನ ಆ ನಂಟನ್ನು ಎತ್ತಿಯೇ ಎತ್ತುತ್ತಾರೆ. ಮ್ಯಾಥ್ಯೂಸ್ ರಾಜಕೀಯ ಬಲ್ಲವರು, ಅತಿಥಿಗಿಂತ ತಾವೇ ಹೆಚ್ಚು ಮಾತಾಡುತ್ತಾರೆ.

ನನ್ನ ಮಟ್ಟಿಗೆ ಆ ಕೆಲಸಕ್ಕೆ ಹೊಂದುವವರು ಗ್ವೆನ್ ಐಫಿಲ್. ಪತ್ರಿಕೆಗಳಲ್ಲಿ ದುಡಿದು, ಎನ್‌ಬಿಸಿಯಲ್ಲೂ ಕೆಲಸ ಮಾಡಿ, 1999ರಿಂದ ಸಾರ್ವಜನಿಕ ವಾಹಿನಿ ಪಿಬಿಎಸ್‌ನಲ್ಲಿದ್ದಾರೆ. 2004ರ ಅಕ್ಟೋಬರ್ 5ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಚೇನಿ ಮತ್ತು ಜಾನ್ ಎಡ್ವರ್ಡ್ಸ್ ನಡುವಿನ ಉಪಾಧ್ಯಕ್ಷೀಯ ಚರ್ಚೆ ನಡೆಸಿದವರು ಅವರು. ಏಡ್ಸ್ ಬಗ್ಗೆ ಕೇಳುವಾಗ, ಚೀನಾ ಅಥವಾ ಆಫ್ರಿಕಾದ ಮಾತು ಬೇಡ, ಇಲ್ಲೇ ಅಮೆರಿಕದಲ್ಲಿ ಕಪ್ಪು ಮಹಿಳೆಯರು ಅದರಿಂದ ಸಾಯುತ್ತಿರುವ ಪ್ರಮಾಣದ ಬಗ್ಗೆ ಹೇಳಿ ಎಂದು ಗಡಿ ಹಾಕಿಯೇ ಕೇಳಿದರು. ಸಿದ್ಧ ಉತ್ತರದ ಬಾಗಿಲನ್ನು ಪ್ರಶ್ನೆಯಲ್ಲೇ ಮುಚ್ಚಿದ್ದರು. ಆ ಅಂಕಿಅಂಶ ತಾನು ಕೇಳಿರಲಿಲ್ಲ ಎಂದು ಚೇನಿ ಒಪ್ಪಿಕೊಂಡರು. ಎಡ್ವರ್ಡ್ಸ್ ಆಫ್ರಿಕಾದ ಕಡೆಗೇ ಮಾತು ಹೊರಳಿಸಿದರು. ಎರಡೂ ಪಕ್ಷಗಳಿಗೆ ಗೊತ್ತಿಲ್ಲದ, ಗೊತ್ತಿರಲೇಬೇಕಾದ ವಿಷಯವನ್ನು ಆರಿಸಿ, ಜಾರಲು ಜಾಗ ಬಿಡದೆ ಕೇಳಿದ ಆ ಒಂದು ಪ್ರಶ್ನೆ, ರಸ್ಸರ್ಟ್ ಡ್ಯೂಕ್‌ಗೆ ಕೇಳಿದ್ದರ ಸಾಲಿನಲ್ಲೇ ನಿಲ್ಲುವಂಥದ್ದು. ಅಧಿಕಾರಸ್ಥರ ವಲಯದ ಆಚೆ ಇರುವವರ ಬದುಕು ಅವರಿಗೆ ಗೊತ್ತಿದೆ ಎಂಬುದೂ ಅದರಿಂದ ತಿಳಿಯುತ್ತದೆ. 2002ರಲ್ಲಿ ಆ ಮೇಜಿಗೆ ಇಲ್ಲದೆ ಹೋದದ್ದು ಆ ತಿಳಿವಳಿಕೆಯೇ.

'ಮೀಟ್ ದ ಪ್ರೆಸ್' ಅನ್ನು ಸ್ಪಿವಾಕ್ ಜೊತೆಗೂಡಿ ಕಟ್ಟಿ, ಆ ಕುರ್ಚಿಯಲ್ಲಿ ಮೊದಲು ಕುಳಿತವರು ಮಾರ್ಥಾ ರೌಂಟ್ರಿ ಎಂಬ ಮಹಿಳೆ. 1953ರಲ್ಲಿ ಅವರು ಬಿಟ್ಟ ಮೇಲೆ, 2008ರವರೆಗಿನ 55 ವರ್ಷದಲ್ಲಿ ಇನ್ನೊಬ್ಬ ಮಹಿಳೆಗೆ ಅದು ಕಾಯಂ ಆಗಿ ಸಿಕ್ಕಿಲ್ಲ. ನವೆಂಬರ್ ಚುನಾವಣೆ ಮುಗಿದು ಜನವರಿ 20ಕ್ಕೆ ಹೊಸ ಅಧ್ಯಕ್ಷರು ಬರುವ ಮೊದಲೇ ಎನ್‌ಬಿಸಿ ಐಫಿಲ್ ಅವರನ್ನು ಕರೆಯಲಿ, ರಸ್ಸರ್ಟ್ ಅವರ ಸಂಶೋಧನಾ ತಂಡವನ್ನೂ ಟೇಪುಗಳನ್ನೂ ಹಾಗೆಯೇ ಅವರ ಕೈಗೊಪ್ಪಿಸಲಿ, ನಾಲ್ಕು ವರ್ಷ ಯಾರೂ ತಂಟೆ ಮಾಡದಿರಲಿ.

ಇತಿ,
ತಮ್ಮ ಪತ್ರಿಕೆಯ ಓದುಗ